ಕಾಸೆಲ್‌ನಲ್ಲಿ ಎರಡು ನಿಮಿಷ

ಫೆಬ್ರವರಿ 9, ಭಾನುವಾರ

ಹಿಸ್ಕೆ ಕೊನೆಗೂ ಒಪ್ಪಿದಳು. ಮೇ ತಿಂಗಳಲ್ಲಿ ತ್ರಿಯೆಸ್ತೆಗೆ ಹೋಗುವುದು, ಅದೂ ರೈಲಿನಲ್ಲಿ. ನಮ್ಮ ಮದುವೆಗೆ ನಲವತ್ತು ವರ್ಷ ತುಂಬುವ ಸಂತೋಷಕ್ಕೆ ನಾನು ನನಗೇ ಕೊಟ್ಟುಕೊಳ್ಳುತ್ತಿರುವ ಉಡುಗೊರೆ ಇದು ಎಂದು ಅವಳ ಕುಹಕ. ಇರಲಿ. ಪ್ರವಾಸಕ್ಕಿಂತ ಪ್ರವಾಸದ ಯೋಜನೆಯಲ್ಲೇ ಹೆಚ್ಚು ಸುಖವಿದೆ ಎಂಬುದು ಅವಳಿಗೆ ಇಷ್ಟು ವರ್ಷವಾದರೂ ತಿಳಿಯಲಿಲ್ಲ. ಊಟದ ಮೇಜಿನ ಮೇಲೆ ಯುರೋಪಿನ ನಕ್ಷೆ ಹರಡಿ, ನಾಲ್ಕು ಮೂಲೆಗೂ ಕಾಫಿ ಲೋಟ ಇಟ್ಟು, ಇಡೀ ಮಧ್ಯಾಹ್ನ ಕಳೆದೆ. ಇಂಥ ಭಾನುವಾರ ಬಂದು ಎಷ್ಟು ಕಾಲವಾಗಿತ್ತೋ.

ತ್ರಿಯೆಸ್ತೆಯಲ್ಲಿ ಸಮುದ್ರಸ್ನಾನದ ಒಂದು ದಂಡೆ ಇದೆ. ನಡುವೆ ಗೋಡೆ ಕಟ್ಟಿ ಒಂದು ಕಡೆ ಗಂಡಸರನ್ನೂ ಇನ್ನೊಂದು ಕಡೆ ಹೆಂಗಸರನ್ನೂ ಬಿಡುತ್ತಾರೆ. ನಾನು ನಮ್ಮೂರು ಲೇವಾರ್ಡೆನ್‌ನ ಈಜುಕೊಳದಲ್ಲಿ, ಕಾಲುವೆಗೆ ಬಿದ್ದರೂ ಬದುಕಲಿ ಎಂದು, ಮಕ್ಕಳಿಗೆ ಬಟ್ಟೆ, ಬೂಟು ಹಾಕಿಸಿಯೇ ಈಜು ಕಲಿಸುತ್ತ ನಿವೃತ್ತನಾದವನು. ನೀರಿನ ನಡುವೆ ಗೋಡೆ ಯಾಕೆ ಎಂದು ನನಗೆ ಅರ್ಥವೇ ಆಗಲಿಲ್ಲ.

"ನಂಗೆ ಅರ್ಥ ಆಯ್ತು," ಎಂದಳು ಹಿಸ್ಕೆ. "ಆ ಗೋಡೆ ನೋಡೇ ನಾನು ಒಪ್ಪಿದ್ದು. ‘ಗಲ್ಲ ಮೇಲೆ, ಕಾಲು ಬಡಿ’ ಅಂತ ನೀನು ಆಚೆ ಕಡೆ ಎಷ್ಟು ಬೇಕಾದ್ರೂ ಕೂಗ್ಕೋ."

ದಾರಿ ಸುಲಭ: ಹ್ಯಾನೋವರ್, ಮ್ಯೂನಿಕ್, ಅಲ್ಲಿಂದ ಬೆಟ್ಟ ಇಳಿದರೆ ತ್ರಿಯೆಸ್ತೆ. ಹಿಸ್ಕೆ ಹ್ಯಾನೋವರ್‌ನ ಕೆಳಗೆ ಒಂದು ಚುಕ್ಕೆಯ ಮೇಲೆ ಬೆರಳಿಟ್ಟಳು.

"ರೈಲು ಇಲ್ಲೂ ನಿಲ್ಲುತ್ತೆ. ಕಾಸೆಲ್. ಇಲ್ಲಿ ಯಾರಿದಾರೆ, ಗೊತ್ತಲ್ಲ?"

"ಎರಡು ಲಕ್ಷ ಜನ ಇದಾರೆ," ಎಂದೆ.

ಅವಳು ಕೇಳಿದ್ದು ಒಬ್ಬ ಮನುಷ್ಯನ ಬಗ್ಗೆ. ಆ ಮನುಷ್ಯನ ವಿಷಯವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಫೆಬ್ರವರಿ 13, ಗುರುವಾರ

ಬರೆಯುವುದಿಲ್ಲ ಎಂದಿದ್ದೆ. ಆದರೆ ಹಿಸ್ಕೆ ಭಾನುವಾರದಿಂದ ಬೇರೆ ಮಾತೇ ಎತ್ತುತ್ತಿಲ್ಲ. ಆದ್ದರಿಂದ ನನ್ನ ಕಡೆಯ ನ್ಯಾಯವನ್ನು ಇಲ್ಲಾದರೂ ಬರೆದಿಡುತ್ತೇನೆ.

ಏಳು ವರ್ಷದ ಹಿಂದೆ, ಒಂದು ಸಂಜೆ ಐದೂವರೆಗೆ ನಮ್ಮ ಬಾಗಿಲ ಗಂಟೆ ಬಡಿಯಿತು. ಹೊರಗೆ ಸಿಬ್ರನ್, ಅಂದರೆ ನನ್ನ ಅಣ್ಣ, ಮತ್ತು ಅವನ ಜರ್ಮನ್ ಹೆಂಡತಿ ಗುದ್ರುನ್. ಕಾಸೆಲ್‌ನಿಂದ ಕಾರಿನಲ್ಲಿ ಬಂದಿದ್ದರು. ಮುಂಚೆ ಒಂದು ಫೋನಿಲ್ಲ, ಬರುತ್ತೇವೆ ಎಂಬ ಮಾತಿಲ್ಲ. ನಮ್ಮಮ್ಮ ಪಕ್ಕದ ಬೀದಿಯಲ್ಲಿದ್ದಳು, ಅವಳು ಕೂಡ ಫೋನ್ ಮಾಡಿ, ದಿನ ಗೊತ್ತುಮಾಡಿಕೊಂಡು ಬರುತ್ತಿದ್ದಳು! ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು. ಬಾಣಲೆಯಲ್ಲಿ ಎರಡು ಮಾಂಸದುಂಡೆ, ಯಾಕೆಂದರೆ ಮನೆಯಲ್ಲಿ ನಾವಿದ್ದದ್ದು ಇಬ್ಬರು. ಈ ಡಚ್ಚರ ದೇಶದಲ್ಲಿ ಯಾರೇ ಆಗಿದ್ದರೂ ಹೇಳುವ ಮಾತನ್ನೇ ನಾನೂ ಹೇಳಿದೆ. "ನಾವೀಗ ಊಟಕ್ಕೆ ಕೂರ್ತಾ ಇದೀವಿ." ಅಷ್ಟೇ. ಇಲ್ಲಿನವನಾಗಿದ್ದರೆ ಗಡಿಯಾರ ನೋಡಿಕೊಂಡು, "ಅಯ್ಯೋ, ಹೌದಲ್ಲ" ಎಂದು ಹೋಗಿ ಮರುದಿನ ಬರುತ್ತಿದ್ದ. ಸಿಬ್ರನ್ ನನ್ನ ಮುಖ ನೋಡಿದ, ತಿರುಗಿ ಕಾರು ಹತ್ತಿದ, ಕಾಸೆಲ್‌ಗೆ ಹೊರಟುಹೋದ. ಮೂವತ್ತು ವರ್ಷ ಜರ್ಮನಿಯಲ್ಲಿದ್ದು ಕೆಟ್ಟುಹೋಗಿದ್ದಾನೆ.

ಹಿಸ್ಕೆ ಸ್ನಾನ ಮುಗಿಸಿ ತಲೆಗೆ ಟವೆಲ್ ಸುತ್ತಿಕೊಂಡು ಕೆಳಗೆ ಬಂದಳು. ನಡೆದದ್ದು ಕೇಳಿ, ಊಟಕ್ಕೆ ಕೂತವಳು ತನ್ನ ಉಂಡೆಯನ್ನು ಮುಟ್ಟಲಿಲ್ಲ. ಎರಡನ್ನೂ ನಾನೇ ತಿನ್ನಬೇಕಾಯಿತು.

ಅಂದಿನಿಂದ ಮಾತಿಲ್ಲ. ಫೋನ್ ಮಾಡದೆ ಬಂದವನು ಅವನು, ಹಾಗಿರುವಾಗ ಫೋನ್ ಮಾಡಬೇಕಾದವನೂ ಅವನೇ. ಇದರಲ್ಲಿ ತಪ್ಪು ಎಲ್ಲಿದೆಯೋ ಯಾರಾದರೂ ತೋರಿಸಲಿ.

ಫೆಬ್ರವರಿ 20, ಗುರುವಾರ

ಟಿಕೆಟ್ ಆಯಿತು. ರೈಲು ಟಿಕೆಟ್ ಮಾಡಿಸಿಕೊಡುವ ಅಂಗಡಿಯ ಯೊಲಾಂಡಾ ನನ್ನ ಹಳೆಯ ಶಿಷ್ಯೆ. ಆರು ವರ್ಷದವಳಿದ್ದಾಗ ನೀರಿಗೆ ಹಾರಲು ಒಲ್ಲೆ ಎಂದು ನನ್ನ ಕೈ ಕಚ್ಚಿದ್ದಳು. ಈಗಲೂ ಅವಳು ನನ್ನ ಕೈಯನ್ನು ನೋಡಿಯೇ ಮಾತಾಡಿಸುವುದು.

"ದಾರೀಲಿ ಒಂದು ರಾತ್ರಿ ಎಲ್ಲಾದ್ರೂ ಇಳ್ಕೊಳ್ಳಿ ಮೇಷ್ಟ್ರೇ. ಅಷ್ಟು ದೂರ ಒಂದೇ ಸಮ ಕೂತ್ಕೊಂಡು ಹೋಗ್ತೀರಾ?"

"ನೇರವಾಗಿ ಹೋಗ್ತೀವಿ," ಎಂದೆ. "ಎಲ್ಲೂ ಇಳಿಯೋದಿಲ್ಲ."

ಫೆಬ್ರವರಿ 27, ಗುರುವಾರ

ಗುದ್ರುನ್ ಫೋನ್ ಮಾಡಿದಳು. ನನ್ನನ್ನು "ನೀವು" ಎಂದಳು. ಇಷ್ಟು ವರ್ಷದ ಅತ್ತಿಗೆ, ನಾನೇನೋ ಮುನಿಸಿಪಾಲಿಟಿಯವನು ಎಂಬಂತೆ!

ಜನವರಿಯಲ್ಲಿ ಸಿಬ್ರನ್‌ಗೆ ಸಣ್ಣ ಸ್ಟ್ರೋಕ್ ಆಗಿದೆ. ಕೈಕಾಲು ಸರಿಯಾಗಿವೆ, ನಡೆದಾಡುತ್ತಾನೆ, ಜೀವಕ್ಕೆ ಭಯವಿಲ್ಲ. ಆದರೆ ಎಚ್ಚರವಾದಾಗಿನಿಂದ ಬಾಯಲ್ಲಿ ಜರ್ಮನ್ ಇಲ್ಲ. ಡಚ್ಚೂ ಇಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಆದರೆ ಅವನು ಆಡುವುದು ಯಾರಿಗೂ ಅರ್ಥವಾಗುತ್ತಿಲ್ಲ. ಆಸ್ಪತ್ರೆಯವರು ಡಚ್ ಬಲ್ಲ ನರ್ಸೊಬ್ಬಳನ್ನು ಹುಡುಕಿ ಕರೆಸಿದರೆ, ಅವಳು ಐದು ನಿಮಿಷ ಕೇಳಿ, ಇದು ಯಾವ ಭಾಷೆಯೋ ನನಗೆ ಗೊತ್ತಿಲ್ಲ ಎಂದು ಹೊರಟುಹೋದಳಂತೆ. ಅವಳಿಗೆ ಹೇಗೆ ಗೊತ್ತಿರಬೇಕು? ಅದು ನಮ್ಮ ಸೀಮೆಯ ಫ್ರಿಸಿಯನ್. ನಮ್ಮ ಕೊಟ್ಟಿಗೆಯಲ್ಲಿ, ಅಡುಗೆಮನೆಯಲ್ಲಿ, ಅಮ್ಮನ ಬಾಯಲ್ಲಿ ಇದ್ದ ಮಾತು.

"ಮೂವತ್ತು ವರ್ಷ ನನ್ನ ಜೊತೆ ಜರ್ಮನ್‌ನಲ್ಲಿ ಜಗಳ ಆಡಿದಾರೆ," ಎಂದಳು ಗುದ್ರುನ್. "ಈಗ ನೋಡಿದ್ರೆ ಒಂದಕ್ಷರ ಇಲ್ಲ. ನಾಲ್ಕು ದಿನದಿಂದ ಒಂದೇ ಮಾತು ಹೇಳ್ತಿದಾರೆ. ಊಟದ ಮುಂದೆ ಕೂತ್ಕೊಂಡು, ನನ್ನ ಮುಖ ನೋಡ್ಕೊಂಡು, ಕಣ್ಣಲ್ಲಿ ನೀರು ತಂದ್ಕೊಂಡು. ನಂಗೆ ಭಯ ಆಗ್ತಿದೆ. ಕೊನೇ ಮಾತೇನಾದ್ರೂ ಹೇಳ್ತಿದಾರೋ ಏನೋ."

ಕಿವಿಗೆ ಬಿದ್ದ ಹಾಗೆ ಅದನ್ನು ಕಾಗದದ ಮೇಲೆ ಬರೆದುಕೊಂಡಿದ್ದಳು. ನಿಧಾನವಾಗಿ ಓದಿದಳು. ನಾನು ಇನ್ನೊಂದು ಸಲ ಓದಿಸಿದೆ, ಅನುಮಾನವಿದ್ದದ್ದಕ್ಕಲ್ಲ, ಹೇಳುವುದು ಹೇಗೆಂದು ತಿಳಿಯದೆ.

"ಸೂಪಿಗೆ ಉಪ್ಪಿಲ್ಲ ಅಂತಿದಾನೆ," ಎಂದೆ.

ಆ ಕಡೆ ಕಾಗದ ಮಡಚಿದ ಸದ್ದಾಯಿತು.

"ನಾಲ್ಕು ದಿನದಿಂದಾನಾ?"

"ಹೌದು. ಕೊನೇಲಿ ಒಂದು ಬೈಗುಳ ಇದೆ. ಅದು ನಿಮಗಲ್ಲ, ಸೂಪಿಗೆ."

ಗುದ್ರುನ್ ನಗಲು ಶುರುಮಾಡಿದಳು. ನಗುನಗುತ್ತಲೇ ಅಳಲು ಶುರುಮಾಡಿದಳು. ಸೋಮವಾರ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ ಎಂದು ಗೊತ್ತುಮಾಡಿದ್ದೇನೆ. ರೋಗಿಯ ವಿಷಯದಲ್ಲಿ ಹಳೆಯದನ್ನು ಸಾಧಿಸುವವನು ನಾನಲ್ಲ. ಹಾಗೆಂದು ನಾನೇ ಮೊದಲು ಫೋನ್ ಮಾಡಿದ ಹಾಗೂ ಆಗಲಿಲ್ಲ.

ಮಾರ್ಚ್ 3, ಸೋಮವಾರ

ಗುದ್ರುನ್ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಅವನು ಫ್ರಿಸಿಯನ್‌ನಲ್ಲಿ ಹೇಳುವುದು, ನಾನು ಅದನ್ನು ಅವಳಿಗೆ ಜರ್ಮನ್‌ನಲ್ಲಿ ಹೇಳುವುದು ಎಂದು ಏರ್ಪಾಡು. ಏಳು ವರ್ಷದ ಮೇಲೆ ಅವನ ದನಿ ಕೇಳಿದೆ.

"ಆ ಫೋನಿನೊಳಗೆ ಇರೋನು ಯಾರು?"

ನಾನು ನನ್ನ ಕೆಲಸ ಮಾಡಿದೆ. "ಫೋನಿನೊಳಗೆ ಇರೋನು ಯಾರು ಅಂತ ಕೇಳ್ತಿದಾನೆ."

"ನಿಮ್ಮ ತಮ್ಮ," ಎಂದಳು ಗುದ್ರುನ್ ಅವನಿಗೆ.

"ಫೋನಿನವನಿಗೆ ಹೇಳು, ನಂಗೆ ತಮ್ಮ ಗಿಮ್ಮ ಯಾರೂ ಇಲ್ಲ ಅಂತ."

"ತಮ್ಮ ಗಿಮ್ಮ ಯಾರೂ ಇಲ್ಲವಂತೆ," ಎಂದೆ.

"ಈಗ ಹೀಗಂದಿದ್ದು ಅವರಾ, ನೀವಾ?" ಎಂದು ಗುದ್ರುನ್ ಕೇಳಿದಳು. ನ್ಯಾಯವಾದ ಪ್ರಶ್ನೆ.

ಆಮೇಲೆ ಕೆಲಸ ಸಾಗಿತು. ನೀಲಿ ಅಂಗಿಯ ಕಾಲರ್ ಚುಚ್ಚುತ್ತದೆ. ಕಿಟಕಿ ತೆಗೆದಿಡಬೇಕು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ತನ್ನನ್ನು ಕೂಸಿನಂತೆ ಮಾತಾಡಿಸುತ್ತಾಳೆ, ಇನ್ನೊಂದು ಸಲ ಚಪ್ಪಾಳೆ ತಟ್ಟಿದರೆ ಅವಳ ಕೈಚೀಲವನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ. ಗುದ್ರುನ್ ಎಲ್ಲವನ್ನೂ ಕೇಳಿಸಿಕೊಂಡು, "ಒಂದು ತಿಂಗಳಿಂದ ಇವರು ಇದನ್ನೆಲ್ಲ ಹೇಳ್ತಿದ್ರಾ?" ಎಂದಳು. ನನ್ನನ್ನು ಅವನು ಒಂದು ಸಲವೂ ನೇರವಾಗಿ ಮಾತಾಡಿಸಲಿಲ್ಲ. ನಾನೂ ಮಾತಾಡಿಸಲಿಲ್ಲ. ಮಧ್ಯಸ್ಥನಾದವನು ಹಾಗೆ ಮಾತಾಡಿಸಬಾರದು.

ಇನ್ನು ದಿನಾ ಹತ್ತು ಗಂಟೆಗೆ, ಕಾಫಿ ಆದಮೇಲೆ.

ಮಾರ್ಚ್ 11, ಮಂಗಳವಾರ

ಕಾಸೆಲ್‌ನಲ್ಲಿ ಇಳಿಯಲೇಬೇಕೆಂದು ಹಿಸ್ಕೆ ಹಟ ಹಿಡಿದಿದ್ದಾಳೆ. ಟಿಕೆಟ್ ಬದಲಿಸದೆಯೇ ಆಗುವ ಒಂದು ಉಪಾಯವನ್ನು ನಾನು ಹುಡುಕಿದ್ದೇನೆ. ರೈಲು ಕಾಸೆಲ್‌ನಲ್ಲಿ ಹೇಗೂ ಎರಡು ನಿಮಿಷ ನಿಲ್ಲುತ್ತದೆ. ಗುದ್ರುನ್ ಅವನನ್ನು ಪ್ಲಾಟ್‌ಫಾರ್ಮಿಗೆ ಕರೆದುಕೊಂಡು ಬರಲಿ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ನಾನು ಕೈ ಎತ್ತುವುದು, ಇಷ್ಟವಿದ್ದರೆ ಅವನೂ ಎತ್ತಬಹುದು. ನೋಡಿದ ಹಾಗೂ ಆಯಿತು, ಯಾರಿಗೂ ತೊಂದರೆಯಿಲ್ಲ.

"ಮಹಾರಾಜರ ಸವಾರಿ ಬಂದ ಹಾಗೆ," ಎಂದಳು ಹಿಸ್ಕೆ. "ಅವರಿಬ್ಬರ ಕೈಗೂ ಒಂದೊಂದು ಬಾವುಟ ಕೊಡೋಣ್ವಾ?"

ಮಾರ್ಚ್ 12, ಬುಧವಾರ

ಉಪಾಯವನ್ನು ಫೋನಿನಲ್ಲಿ ಗುದ್ರುನ್‌ಗೆ ವಿವರಿಸಿದೆ. ಹಿಂದಿನಿಂದ ಅವನ ದನಿ ಬಂತು.

"ಎರಡು ನಿಮಿಷ? ಫೋನಿನವನಿಗೆ ಹೇಳು, ಎರಡು ನಿಮಿಷಕ್ಕೆ ನಾನು ಪ್ಯಾಂಟೂ ಹಾಕಲ್ಲ ಅಂತ."

"ಏನಂತೆ?" ಎಂದಳು ಗುದ್ರುನ್.

"ಪ್ಯಾಂಟ್ ಹಾಕಲ್ಲವಂತೆ," ಎಂದೆ. "ಹಾಕದಿದ್ರೆ ಬಿಡಲಿ. ಅವನ ಪ್ಯಾಂಟಿಗೋಸ್ಕರ ರೈಲು ಕಾಯೋದಿಲ್ಲ ಅಂತ ಹೇಳಿ." ಫೋನ್ ಇಟ್ಟುಬಿಟ್ಟೆ.

ನಾಳೆಯಿಂದ ಫೋನ್ ಮಾಡುವುದಿಲ್ಲ. ಉಪಕಾರಕ್ಕೂ ಒಂದು ಮಿತಿ ಇದೆ.

ಮಾರ್ಚ್ 13, ಗುರುವಾರ

ಮಾಡಲಿಲ್ಲ.

ಮಾರ್ಚ್ 14, ಶುಕ್ರವಾರ

ಇವತ್ತೂ ಮಾಡಲಿಲ್ಲ. ಹಿಸ್ಕೆ ಮಾತಾಡುತ್ತಿಲ್ಲ. ಮನೆ ಶಾಂತವಾಗಿದೆ.

ಮಾರ್ಚ್ 17, ಸೋಮವಾರ

ಹತ್ತು ಗಂಟೆಗೆ ಕಾಫಿ ಕುಡಿದೆ. ಫೋನ್ ಸರಿಯಾಗಿದೆಯೇ ಎಂದು ಎತ್ತಿ ನೋಡಿದೆ. ಸರಿಯಾಗಿದೆ.

ಮಾರ್ಚ್ 19, ಬುಧವಾರ

ಬೆಳಿಗ್ಗೆ ಯೊಲಾಂಡಾಳ ಅಂಗಡಿಗೆ ಹೋಗಿ ಪ್ರಯಾಣವನ್ನು ಸ್ವಲ್ಪ ತಿದ್ದಿಸಿದೆ. ಹಿಸ್ಕೆಯ ಮಂಡಿಗೆ ಅಷ್ಟು ಹೊತ್ತು ಮಡಚಿಕೊಂಡು ಕೂರುವುದು ಒಳ್ಳೆಯದಲ್ಲ. ದಾರಿಯಲ್ಲಿ ಎಲ್ಲಾದರೂ ಎರಡು ಮೂರು ಗಂಟೆ ಇಳಿದು ಕಾಲು ಚಾಚುವುದು ಕ್ಷೇಮ.

"ಹ್ಯಾನೋವರ್‌ನಲ್ಲಿ ಇಳೀರಿ ಮೇಷ್ಟ್ರೇ. ಸ್ಟೇಷನ್ನಿನ ಎದುರಿಗೇ ಊರು."

ಹ್ಯಾನೋವರ್‌ನಲ್ಲಿ ಗಾಳಿ ಎಂದೆ.

"ಹಾಗಾದ್ರೆ ಮ್ಯೂನಿಕ್?"

ಮ್ಯೂನಿಕ್‌ನಲ್ಲಿ ಜನಜಂಗುಳಿ. ಹೀಗೆ ಒಂದೊಂದನ್ನೇ ತೆಗೆದುಹಾಕುತ್ತ ಬಂದರೆ ಉಳಿದದ್ದು ಕಾಸೆಲ್ ಒಂದೇ. ನನ್ನ ಕೈವಾಡ ಇದರಲ್ಲಿ ಏನೂ ಇಲ್ಲ.

"ನನ್ನ ಮಂಡಿಗೆ ಏನಾಗಿದೆ?" ಎಂದು ಹಿಸ್ಕೆ ಮನೆಯಲ್ಲಿ ಕೇಳಿದಳು. ಐದು ದಿನದ ಮೇಲೆ ಆಡಿದ ಮೊದಲ ಮಾತು.

"ಏನೂ ಆಗಿಲ್ಲ. ಆಗೋ ಮುಂಚೇನೇ ನೋಡ್ಕೋಬೇಕು."

ಸಂಜೆ ಗುದ್ರುನ್ ಫೋನ್ ಮಾಡಿದಳು. "ರಿಂಡರ್ಟ್, ನಾಳೆ ಹತ್ತು ಗಂಟೆಗೆ ಫೋನ್ ಮಾಡ್ತೀಯಾ? ಈ ಮನೇಲಿ ಒಬ್ಬರ ಮಾತು ಒಬ್ಬರಿಗೆ ಗೊತ್ತಾಗ್ತಿಲ್ಲ." ಈ ಸಲ "ನೀನು" ಎಂದಳು. ನಾಳೆ ನನಗೆ ಬೇರೇನಾದರೂ ಕೆಲಸವಿದೆಯೇ ಎಂದು ನೋಡಿ ಹೇಳುತ್ತೇನೆ ಎಂದೆ. ಇರಲಿಲ್ಲ.

ಏಪ್ರಿಲ್ 2, ಬುಧವಾರ

ಇವತ್ತು ಗಂಟೆಗಟ್ಟಲೆ ಹಿಡಿಯಿತು. ಸಿಬ್ರನ್‌ಗೆ ಕಥೆ ಹೇಳುವ ಹುರುಪು ಬಂದಿತ್ತು. ಜರ್ಮನ್‌ನಲ್ಲಿ ಎಂದೂ ಹೇಳದಿದ್ದನ್ನೆಲ್ಲ ಈಗ ಹೇಳುತ್ತಾನೆ ಎಂದು ಗುದ್ರುನ್ ಗುಟ್ಟಾಗಿ ಅಂದಳು. ಅಮ್ಮ ಹಸುಗಳಿಗೆ ಇಟ್ಟಿದ್ದ ಹೆಸರು, ಅಪ್ಪ ಬೆಣ್ಣೆ ಕದ್ದು ತಿನ್ನುತ್ತಿದ್ದದ್ದು. ಆಮೇಲೆ ಇದು.

"ಆ ಫೋನಿನವನು ನಾಲ್ಕು ವರ್ಷದ ಮಗು ಆಗಿದ್ದಾಗ ಕೊಟ್ಟಿಗೆ ಹಿಂದಿನ ಕಾಲುವೆಗೆ ಬಿದ್ದ. ಹುಲ್ಲು ಎಳೆಯೋ ಉದ್ದ ಕೋಲು ಹಾಕಿ ನಾನು ಅವನನ್ನ ಮೇಲಕ್ಕೆ ತಂದೆ. ಒದ್ದೆ ಕರುವಿನಷ್ಟು ಭಾರ ಇದ್ದ. ಉಸಿರು ಬಂದ ತಕ್ಷಣ ಏನ್ ಕೇಳಿದ ಗೊತ್ತಾ? ತನ್ನ ಇನ್ನೊಂದು ಬೂಟು ಎಲ್ಲಿ ಅಂತ. ಆ ಬೂಟಿಗೋಸ್ಕರ ಮತ್ತೆ ನೀರಿಗಿಳಿದೆ ನಾನು."

ನಾನು ಒಂದೊಂದೇ ವಾಕ್ಯವಾಗಿ ಜರ್ಮನ್‌ನಲ್ಲಿ ಹೇಳಿದೆ: ಫೋನಿನವನು ಕಾಲುವೆಗೆ ಬಿದ್ದನಂತೆ. ಫೋನಿನವನು ಕರುವಿನಷ್ಟು ಭಾರವಿದ್ದನಂತೆ.

"ಅಂದ್ರೆ ಅದು ನೀನೇನಾ?" ಎಂದಳು ಗುದ್ರುನ್.

"ಅವನು ಹೇಳಿದ್ದನ್ನ ಹೇಳೋದಷ್ಟೇ ನನ್ನ ಕೆಲಸ," ಎಂದೆ. ಕರವಸ್ತ್ರ ಹುಡುಕಿ ಮೂಗು ಒರೆಸಿಕೊಂಡೆ. ಈ ತಿಂಗಳ ಹವೆಯೇ ಹಾಗೆ.

ಫೋನಿಟ್ಟು ತಿರುಗಿದರೆ ಹಿಸ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಈಜು ಮೇಷ್ಟ್ರು ಯಾಕಾದೆ ಅಂತ ನಲವತ್ತು ವರ್ಷದಿಂದ ಕೇಳ್ತಿದೀನಿ. ಸಂಬಳ ಚೆನ್ನಾಗಿತ್ತು ಅಂದ್ಯಲ್ಲೋ ಮಾರಾಯ."

"ಚೆನ್ನಾಗೇ ಇತ್ತು," ಎಂದೆ.

ಏಪ್ರಿಲ್ 4, ಶುಕ್ರವಾರ

ಯೊಲಾಂಡಾಳ ಅಂಗಡಿ. ಎರಡು ಮೂರು ಗಂಟೆ ನಿಂತು ಹೊರಟರೆ ಮ್ಯೂನಿಕ್ ತಲುಪುವಾಗ ಕತ್ತಲಾಗುತ್ತದೆ. ಕತ್ತಲಲ್ಲಿ ಬೆಟ್ಟ ಕಾಣುವುದಿಲ್ಲ. ಬೆಟ್ಟ ಕಾಣದಿದ್ದರೆ ರೈಲಿನಲ್ಲಿ ಯಾಕೆ ಹೋಗಬೇಕು? ಆದ್ದರಿಂದ ಕಾಸೆಲ್‌ನಲ್ಲಿ ಒಂದು ರಾತ್ರಿ ತಂಗುವುದು. ಸ್ಟೇಷನ್ನಿನ ಹತ್ತಿರ ಹೋಟೆಲ್ ಕೋಣೆ ಹಿಡಿದಿದ್ದೇನೆ. ಇದು ಬೆಟ್ಟ ನೋಡುವುದಕ್ಕಾಗಿ ಮಾಡಿದ ಬದಲಾವಣೆ ಎಂದು ಹಿಸ್ಕೆಗೆ ಬಿಡಿಸಿ ಹೇಳಿದೆ. ಅವಳು ತುಂಬ ಗಂಭೀರವಾಗಿ ತಲೆಯಾಡಿಸಿದಳು.

ಏಪ್ರಿಲ್ 12, ಶನಿವಾರ

ಒಂದು ರಾತ್ರಿಯಲ್ಲ, ಮೂರು. ಶುಕ್ರವಾರದ ಮ್ಯೂನಿಕ್ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಚೆನ್ನಾಗಿ ಸಿಗುತ್ತದೆ.

"ಮೇಷ್ಟ್ರೇ, ಈಗಲೂ ನಿಮ್ಮ ಟಿಕೆಟಿನ ಮೇಲೆ ತ್ರಿಯೆಸ್ತೆ ಅಂತಾನೇ ಇರ್ಬೇಕಾ?" ಎಂದಳು ಯೊಲಾಂಡಾ. ಎಂಥ ಪ್ರಶ್ನೆ! ಹೋಗುತ್ತಿರುವುದೇ ತ್ರಿಯೆಸ್ತೆಗೆ.

ಗುದ್ರುನ್‌ಗೆ ಹೇಳಿದೆ. ಹೋಟೆಲ್ ಬಿಡಿ, ಮನೆಗೇ ಬನ್ನಿ ಎಂದಳು. ಸರಿ, ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದೆ.

"ಯಾವಾಗಲಾದ್ರೂ ಬನ್ನಿ."

"ಯಾವಾಗಲಾದ್ರೂ ಅಂದ್ರೆ ಎಷ್ಟು ಗಂಟೆ?"

ಹಿಂದಿನಿಂದ ಸಿಬ್ರನ್ ಕೂಗಿದ. "ಫೋನಿನವನಿಗೆ ಹೇಳು, ಸರಿಯಾಗಿ ಊಟದ ಹೊತ್ತಿಗೆ ಬರಬೇಕು. ಒಲೆ ಮೇಲೆ ಆಲೂಗಡ್ಡೆ ಇರೋವಾಗ!"

ಗುದ್ರುನ್ ಏನಂತೆ ಎಂದಳು. ಆರು ಗಂಟೆಗೆ ಬರಬೇಕಂತೆ ಎಂದೆ. ಫೋನಿನಲ್ಲಿ ಅವನು ನಗುವುದು ಕೇಳಿಸಿತು. ಕೊಟ್ಟಿಗೆಯಲ್ಲಿ ನಗುತ್ತಿದ್ದ ಅದೇ ನಗು, ಕೊನೆಯಲ್ಲಿ ಕೆಮ್ಮು ಬರುವುದು. ನನಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ, ಆದರೂ ನಗು ಬಂತು.

ಏಪ್ರಿಲ್ 25, ಶುಕ್ರವಾರ

ಮಾತಿನ ಚಿಕಿತ್ಸೆ ಮಾಡುವವರಿಗೆ ತಲೆಕೆಟ್ಟಿದೆಯಂತೆ. ನಾಲಿಗೆ ಸರಿಯಾಗಿದೆ, ನೆನಪು ಸರಿಯಾಗಿದೆ, ಪರೀಕ್ಷೆಗಳೆಲ್ಲ ಸರಿಯಾಗಿವೆ. ಜರ್ಮನ್ ಮಾತ್ರ ಬಾಯಿಗೆ ಬರುತ್ತಿಲ್ಲ. ಹಟ ಹಿಡಿದ ಮಗುವಿನಂತಿದ್ದಾರೆ ಎಂದು ಅವರು ಅಂದದ್ದನ್ನು ಗುದ್ರುನ್ ಹೇಳಿದಾಗ ನನಗೆ ಸಿಟ್ಟು ಬಂತು. ಕಾಯಿಲೆಯವನನ್ನು ಹಟಮಾರಿ ಎನ್ನುವುದು ಯಾವ ಚಿಕಿತ್ಸೆ? ನಮ್ಮಣ್ಣ ಅಂಥವನಲ್ಲ ಎಂದೆ. ಜಾಸ್ತಿ ಒತ್ತಾಯ ಮಾಡಬೇಡಿ, ನಾನಿದ್ದೇನಲ್ಲ, ಎಷ್ಟು ದಿನ ಬೇಕಾದರೂ ಹೇಳುತ್ತೇನೆ ಎಂದೆ.

ಬೆಳಗಿನ ಕಾಫಿಯನ್ನು ಈಗ ಒಂಬತ್ತಕ್ಕೇ ಕುಡಿದು ಮುಗಿಸುತ್ತೇನೆ. ಫೋನಿನ ಹತ್ತಿರ ಒಂದು ಮೆತ್ತನೆಯ ಕುರ್ಚಿ ಹಾಕಿಕೊಂಡಿದ್ದೇನೆ. ಬೆನ್ನಿಗೆ ಒಳ್ಳೆಯದು.

ಮೇ 6, ಮಂಗಳವಾರ, ಕಾಸೆಲ್

ಸರಿಯಾಗಿ ಆರಕ್ಕೆ ಗಂಟೆ ಬಾರಿಸಿದೆ. ನಿಜ ಹೇಳಬೇಕೆಂದರೆ ಐದೂಮುಕ್ಕಾಲಕ್ಕೇ ಬಂದು ಮೂಲೆಯ ಲಾಂಡ್ರಿಯ ಮುಂದೆ ನಿಂತಿದ್ದೆವು. ಹಿಸ್ಕೆ ಎರಡು ಸಲ ನನ್ನ ಕೈ ಹಿಡಿದುಕೊಂಡಳು. ಯಾಕೆ ಎಂದರೆ, "ನೀನು ಓಡಿಹೋಗ್ತೀಯೇನೋ ಅಂತ," ಎಂದಳು.

ಬಾಗಿಲು ತೆಗೆದವನು ಸಿಬ್ರನ್. ಇಳಿದುಹೋಗಿದ್ದಾನೆ. ಕೂದಲೆಲ್ಲ ಬಿಳಿಯಾಗಿದೆ. ಇಸ್ತ್ರಿ ಮಾಡಿದ ಪ್ಯಾಂಟ್ ಹಾಕಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, ತಿರುಗಿ ಒಳಗಿದ್ದ ಗುದ್ರುನ್‌ಗೆ ಕೂಗಿ ಹೇಳಿದ.

"ಫೋನಿನವನು ಮುದುಕ ಆಗ್ಬಿಟ್ಟಿದಾನೆ."

"ಏನಂತೆ?" ಎಂದು ಗುದ್ರುನ್ ಓಡಿಬಂದಳು.

ಹೊಸ್ತಿಲಾಚೆ ಸೂಟ್‌ಕೇಸ್ ಹಿಡಿದುಕೊಂಡು ನಿಂತೇ ನಾನು ಅದನ್ನು ಜರ್ಮನ್‌ಗೆ ತಂದೆ. ಗುದ್ರುನ್ ನನ್ನನ್ನು ತಬ್ಬಿಕೊಂಡಳು. ಸಿಬ್ರನ್ ನನ್ನ ಕೈಯಿಂದ ಸೂಟ್‌ಕೇಸ್ ಕಿತ್ತುಕೊಂಡು ಒಳಗೆ ಹೋದ. ಮೇಜಿನ ಮೇಲೆ ಎಂಟು ಜನಕ್ಕಾಗುವಷ್ಟು ಊಟ. ನಾವಿದ್ದದ್ದು ನಾಲ್ವರು. ಏಳು ವರ್ಷದ ಹಿಂದಿನದನ್ನು ಅವನಿಗೆ ಸಮಾಧಾನವಾಗಿ ವಿವರಿಸಬೇಕೆಂದು ರೈಲಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ತಟ್ಟೆ ಖಾಲಿಯಾಗಲು ಅವನು ಬಿಡಲೇ ಇಲ್ಲ, ಹೇಳುವುದು ಯಾವಾಗ?

ಮೇ 7, ಬುಧವಾರ

ಬೆಳಿಗ್ಗೆ ನಾವಿಬ್ಬರೇ ಬನ್ನು ತರಲು ಬೇಕರಿಗೆ ಹೋದೆವು. ದಾರಿಯುದ್ದಕ್ಕೂ ಮಾತಿಲ್ಲ. "ಫೋನಿನವನಿಗೆ ಹೇಳು" ಎನ್ನಲು ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ, ಜರ್ಮನ್‌ನಲ್ಲಿ ಹೇಳಲು ನನ್ನ ಪಕ್ಕದಲ್ಲಿ ಯಾರೂ ಇರಲಿಲ್ಲ. ಇಬ್ಬರೂ ಮನೆಗಳ ಹೂಕುಂಡಗಳನ್ನು ಬಹಳ ಆಸಕ್ತಿಯಿಂದ ನೋಡುತ್ತ ನಡೆದೆವು.

ಬೇಕರಿಯಲ್ಲಿ ಸಾಲು ಇತ್ತು. ನಮ್ಮ ಸರದಿ ಬಂದಾಗ ನಾನು ಮಾತಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಸಿಬ್ರನ್ ಕೌಂಟರಿನ ಮೇಲೆ ಮೊಣಕೈ ಊರಿ ಹೇಳಿದ.

"ದಿನಾ ಕೊಡೋದೇ ಕೊಡಮ್ಮ. ಇವತ್ತು ನಾಲ್ಕು ಜಾಸ್ತಿ ಹಾಕು, ಎಳ್ಳು ಹಚ್ಚಿರೋದು. ಊರಿಂದ ನನ್ನ ತಮ್ಮ ಬಂದಿದಾನೆ."

ಶುದ್ಧ ಜರ್ಮನ್. ಒಂದು ತಡವರಿಕೆಯಿಲ್ಲ. ಕಾಸೆಲ್‌ನವರ ರಾಗ ಕೂಡ ಇತ್ತು.

"ಓ, ಇವರೇನಾ ಅವರು!" ಎಂದಳು ಬೇಕರಿಯ ಹೆಂಗಸು ನನ್ನ ಕಡೆ ತಿರುಗಿ. "ಈಸ್ಟರ್‌ಗೂ ಮುಂಚಿಂದ ದಿನಾ ನಿಮ್ಮ ವಿಷಯಾನೇ. ಇವತ್ತು ಹತ್ತು ಗಂಟೆಗೆ ನನ್ನ ತಮ್ಮ ಫೋನ್ ಮಾಡ್ತಾನೆ, ಬೇಗ ಕೊಡಮ್ಮ ಅಂತ ಒಂದೇ ಸಮ ಅವಸರ ಮಾಡ್ತಾರೆ."

ಸಿಬ್ರನ್‌ಗೆ ಆಗ ನೆನಪಾಯಿತು, ಪಕ್ಕದಲ್ಲಿ ನಾನಿದ್ದೇನೆ ಎಂದು. ಅವನ ಕಿವಿ ಕೆಂಪಾಯಿತು. ಚಿಕ್ಕಂದಿನಲ್ಲೂ ಅವನಿಗೆ ಮೊದಲು ಕಿವಿಯೇ ಕೆಂಪಾಗುತ್ತಿದ್ದದ್ದು. ಬನ್ನಿನ ಚೀಲ ತೆಗೆದುಕೊಂಡು ಹೊರಗೆ ಬಂದೆವು. ಸ್ವಲ್ಪ ದೂರ ನಡೆದ ಮೇಲೆ, ಏಳು ವರ್ಷಗಳಲ್ಲಿ ಮೊದಲ ಸಲ, ನನ್ನ ಮುಖ ನೋಡಿ ಮಾತಾಡಿದ.

"ಲೋ ರಿಂಡರ್ಟ್. ಗುದ್ರುನ್‌ಗೆ ಹೇಳ್ಬೇಡ ಕಣೋ."

"ಯಾಕಣ್ಣ ಹೀಗೆ ಮಾಡಿದೆ?"

"ಜರ್ಮನ್ ಬಂತು ಅಂದಿದ್ರೆ ನೀನು ಹತ್ತು ಗಂಟೆಗೆ ಫೋನ್ ಮಾಡ್ತಿದ್ಯೇನೋ?"

ಬನ್ನು ಆರಿಹೋಗುತ್ತೆ, ನಡಿ ಎಂದೆ.

ಮೇ 8, ಗುರುವಾರ

ಮಧ್ಯಾಹ್ನ ಗುದ್ರುನ್ ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸಿಡುತ್ತಿದ್ದೆ. ಸಿಬ್ರನ್ ಮತ್ತು ಹಿಸ್ಕೆ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದರು.

"ಬೇಕರೀಲಿ ಏನಾಯ್ತು ಅಂತ ನಂಗೆ ಗೊತ್ತು," ಎಂದಳು ಗುದ್ರುನ್, ತಲೆ ಎತ್ತದೆ.

ತಟ್ಟೆ ಕೈಜಾರುವುದರಲ್ಲಿತ್ತು.

"ಇವರು ಅಲ್ಲಿ ಜರ್ಮನ್ ಮಾತಾಡಿದ ಮೊದಲನೇ ದಿನಾನೇ ಆ ಹೆಂಗಸು ಬಂದು ಹೇಳಿದ್ಲು. ಅವಳು ಹೇಳ್ಬೇಕಾಗೂ ಇರ್ಲಿಲ್ಲ. ನಿದ್ದೇಲಿ ಜರ್ಮನ್‌ನಲ್ಲೇ ಕನವರಿಸ್ತಾರೆ."

"ಮತ್ತೆ ಸುಮ್ಮನಿದ್ರಲ್ಲ ಅತ್ತಿಗೆ? ಡಾಕ್ಟ್ರಿಗಾದ್ರೂ ಹೇಳ್ಬಹುದಿತ್ತು."

ಅವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಮಾರ್ಚ್‌ನಲ್ಲಿ ನೀನು ಒಂದು ವಾರ ಫೋನ್ ಮಾಡ್ಲಿಲ್ವಲ್ಲ? ಆ ವಾರ ಅವರು ಯಾವ ಭಾಷೇಲೂ ಮಾತಾಡ್ಲಿಲ್ಲ, ರಿಂಡರ್ಟ್. ಅದಕ್ಕೆ."

ನಾನು ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದೆ.

ಎಂಥ ಮನುಷ್ಯನಪ್ಪ ಇವನು! ತಮ್ಮನ ಜೊತೆ ಮಾತಾಡಬೇಕೆನಿಸಿದರೆ ನೇರವಾಗಿ ಮಾತಾಡಬೇಕು. ಅದು ಬಿಟ್ಟು ಇಲ್ಲದ ನೆಪ ಹುಡುಕಿ, ಊರೆಲ್ಲ ಸುತ್ತಿ, ಡಾಕ್ಟರ ತಲೆಯನ್ನೂ ಕೆಡಿಸಿ! ಇಂಥ ಸುತ್ತುಬಳಸಿನ ಬುದ್ಧಿ ನಮ್ಮ ಮನೆತನದಲ್ಲಿ ಇನ್ನು ಯಾರಿಗೂ ಇಲ್ಲ. ಅವನಿಗೆ ಎಲ್ಲಿಂದ ಬಂತೋ ಕಾಣೆ.

ಸಂಜೆ ಯೊಲಾಂಡಾಗೆ ಫೋನ್ ಮಾಡಿ ನಾಳೆಯ ರೈಲನ್ನು ಒಂದು ವಾರ ಮುಂದಕ್ಕೆ ಹಾಕಿಸಿದೆ. ತ್ರಿಯೆಸ್ತೆಯ ಕಡೆ ಬಿರುಗಾಳಿ ಏಳುವುದುಂಟು. ಅಲ್ಲಿ ಈಗ ಒಳ್ಳೆ ಬಿಸಿಲಿದೆ ಎಂದು ಹಿಸ್ಕೆ ಫೋನಿನಲ್ಲಿ ಚಿತ್ರ ತೋರಿಸಿದಳು. ಚಿತ್ರದಲ್ಲಿ ಗಾಳಿ ಹೇಗೆ ಕಾಣುತ್ತದೆ?

ರಾತ್ರಿ ಊಟಕ್ಕೆ ಕೂತಾಗ ಸಿಬ್ರನ್ ತಟ್ಟೆಯಿಂದ ತಲೆ ಎತ್ತದೆ, ನಮ್ಮ ಮಾತಿನಲ್ಲಿ ಮೆಲ್ಲಗೆ ಕೇಳಿದ. "ಲೋ, ಆ ಒಂದು ವಾರ ಆದ್ಮೇಲಾದ್ರೂ ಹೋಗ್ಲೇಬೇಕೇನೋ?"

"ಏನಂತೆ?" ಎಂದಳು ಗುದ್ರುನ್, ಏನೂ ಅರಿಯದವಳಂತೆ.

"ಜರ್ಮನ್ ಬರೋಕೆ ಇನ್ನೂ ತುಂಬ ದಿನ ಬೇಕಾಗುತ್ತಂತೆ," ಎಂದೆ.

"ಅಯ್ಯೋ ಪಾಪ," ಎಂದಳು ಅತ್ತಿಗೆ. "ಬರ್ಲಿ ಬಿಡು, ನಿಧಾನಕ್ಕೆ ಬರ್ಲಿ." ನನ್ನ ತಟ್ಟೆಗೆ ಇನ್ನೊಂದು ಸಲ ಬಡಿಸಿದಳು.